ಇ-ರಿಟರ್ನ್ ಸಲ್ಲಿಕೆಯಲ್ಲಿ ವರ್ತಕರ ಸಹಿ: ಒತ್ತುವ ಕೈ ಯಾರದು, ಹೊಣೆ ಯಾರದು?

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ನಮ್ಮಲ್ಲಿ ಬಹುಪಾಲು ವರ್ತಕರು ತಿಂಗಳ ವಿವರಪಟ್ಟಿಗೆ ಶಾಯಿಯಿಂದಲೇ ಸಹಿ ಮಾಡುತ್ತಿದ್ದರು. ಲೆಕ್ಕಿಗರು ನಮೂನೆಯನ್ನು ಭರ್ತಿಮಾಡಿ ಅಂಗಡಿಗೆ ತರುತ್ತಿದ್ದರು. ಮಾಲೀಕರು ಕನ್ನಡಕ ಹಾಕಿಕೊಂಡು ಒಟ್ಟು ಮಾರಾಟ, ಕಟ್ಟಬೇಕಾದ ತೆರಿಗೆ ಎಂಬ ಎರಡು ಸಾಲುಗಳ ಮೇಲಾದರೂ ಕಣ್ಣಾಡಿಸಿ, ಸಹಿ ಹಾಕಿ, ಸಂಸ್ಥೆಯ ಮೊಹರು ಒತ್ತುತ್ತಿದ್ದರು. ಸಹಿ ಮಾಡಲು ಕಾಗದವು ಕೈಗೆ ಬರಲೇಬೇಕಾಗಿದ್ದುದರಿಂದ ಓದುವ ಅವಕಾಶವೂ ತಾನಾಗಿಯೇ ಒದಗುತ್ತಿತ್ತು.

ಇಂದು ಲೇಖನಿಯ ಸ್ಥಾನವನ್ನು ಒಂದು ಚಿಕ್ಕ ಯು.ಎಸ್.ಬಿ. ಟೋಕನ್ ಅಥವಾ ಮೊಬೈಲಿಗೆ ಬರುವ ಆರು ಅಂಕಿಗಳ ಒಟಿಪಿ ಆಕ್ರಮಿಸಿದೆ. ಕೆಲಸ ಸುಲಭವಾಗಿದೆ, ಸಮಯವೂ ಉಳಿದಿದೆ. ಆದರೆ ರಿಟರ್ನನ್ನು ನೋಡದೆಯೇ ಸಹಿ ಮಾಡುವುದೂ ಅಷ್ಟೇ ಸುಲಭವಾಗಿದೆ. ಅನೇಕ ಸಂಸ್ಥೆಗಳಲ್ಲಿ ಮಾಲೀಕರ ಟೋಕನ್ ವರ್ಷವಿಡೀ ತೆರಿಗೆ ಸಲಹೆಗಾರರ ಮೇಜಿನ ಖಾನೆಯಲ್ಲಿರುತ್ತದೆ. ಒಟಿಪಿ ಬಂದೊಡನೆ ಮಾಲೀಕರು ಅದನ್ನು ದೂರವಾಣಿಯಲ್ಲಿ ಓದಿ ಹೇಳಿ ಮತ್ತೆ ಗಿರಾಕಿಗಳತ್ತ ತಿರುಗುತ್ತಾರೆ. ಈ ರೂಢಿಯ ಕಾನೂನಾತ್ಮಕ ಪರಿಣಾಮವೇನು, ಸಲಹೆಗಾರರು ಗ್ರಾಹಕರ ಸಹಿಯನ್ನು ನಿರ್ವಹಿಸಬೇಕಾದ ಸರಿಯಾದ ಕ್ರಮ ಯಾವುದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಎರಡು ಸಹಿಗಳು, ಎರಡು ಹೊಣೆಗಳು

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ರಿಟರ್ನನ್ನು ಸಿದ್ಧಪಡಿಸುವುದು ಒಂದು ಕೆಲಸ. ಅದರಲ್ಲಿರುವುದು ಸತ್ಯವೆಂದು ದೃಢೀಕರಿಸುವುದು ಮತ್ತೊಂದು. ಬಿಲ್ಲುಗಳನ್ನು ಜೋಡಿಸುವುದು, ದರ ಅನ್ವಯಿಸುವುದು, ನಮೂನೆ ತುಂಬುವುದು ಸಲಹೆಗಾರರ ವೃತ್ತಿಗೆ ಸೇರಿದ್ದು. ಆ ಮಾರಾಟ ನಡೆದದ್ದು ನಿಜ, ಆ ಸರಕು ಬಂದದ್ದು ನಿಜ, ಬೇರೆ ಆದಾಯವಿಲ್ಲ ಎಂದು ಹೇಳಬಲ್ಲವರು ವ್ಯಾಪಾರದ ಒಡೆಯರು ಮಾತ್ರ. ರಿಟರ್ನಿನ ಕೊನೆಯಲ್ಲಿರುವ ದೃಢೀಕರಣವು ಈ ಎರಡನೆಯ ಕೆಲಸಕ್ಕೆ ಸಂಬಂಧಿಸಿದ್ದು.

ನಮ್ಮ ಕಾನೂನುಗಳು ಈ ಎರಡನ್ನೂ ಬೇರೆಬೇರೆಯಾಗಿಯೇ ಇರಿಸಿವೆ. 1961ರ ಆದಾಯ ತೆರಿಗೆ ಕಾಯಿದೆಯ 139ಬಿ ಕಲಮಿನಡಿ 2006ರಲ್ಲಿ ರೂಪಿಸಲಾದ ತೆರಿಗೆ ರಿಟರ್ನ್ ತಯಾರಕರ ಯೋಜನೆಯಲ್ಲಿ, ತಯಾರಕರು ತಾವು ಸಿದ್ಧಪಡಿಸಿದ ರಿಟರ್ನಿಗೆ ತಮ್ಮದೇ ಸಹಿ ಹಾಕಬೇಕೆಂದು ವಿಧಿಸಲಾಗಿತ್ತು. ತೆರಿಗೆದಾರರ ಸಹಿ ಅದರಿಂದ ಪ್ರತ್ಯೇಕ. ಕಂಪ್ಯೂಟರ್ ಬಂದ ಮೇಲೆ ಈ ಭೇದ ಅಳಿಸಿಹೋಗಿಲ್ಲ. ಒಂದೇ ಮೇಜಿನ ಮೇಲೆ ಎರಡೂ ಸಹಿಗಳು ಸಿಗುವಂತಾದುದರಿಂದ ನಮ್ಮ ಕಣ್ಣಿಗೆ ಅದು ಮಸುಕಾಗಿದೆ, ಅಷ್ಟೆ.

2. ಆದಾಯ ತೆರಿಗೆ ರಿಟರ್ನಿನಲ್ಲಿ ಸಹಿ

ಆದಾಯ ತೆರಿಗೆ ರಿಟರ್ನುಗಳನ್ನು ವಿದ್ಯುನ್ಮಾನ ವಿಧಾನದಲ್ಲಿ ಸಲ್ಲಿಸುವುದು 2006ರಲ್ಲಿ ಕಂಪನಿಗಳಿಗೆ ಕಡ್ಡಾಯವಾಯಿತು. 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಆರಂಭಗೊಂಡಿತು. ಡಿಜಿಟಲ್ ಸಹಿ ಇಲ್ಲದವರು ರಿಟರ್ನನ್ನು ಅಂತರಜಾಲದಲ್ಲಿ ಸಲ್ಲಿಸಿ, ಐಟಿಆರ್-ವಿ ಎಂಬ ಒಂದು ಪುಟದ ದೃಢೀಕರಣಕ್ಕೆ ಶಾಯಿಯಲ್ಲಿ ಸಹಿ ಮಾಡಿ ಈ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಬೆಳೆಯಿತು. 2015ರ ಜುಲೈ ತಿಂಗಳಲ್ಲಿ ವಿದ್ಯುನ್ಮಾನ ದೃಢೀಕರಣ ಸಂಕೇತ, ಅಂದರೆ ಇವಿಸಿ, ಜಾರಿಗೆ ಬಂದಿತು.

ಸಹಿಯ ವಿಧಾನಗಳು ಸ್ಥೂಲವಾಗಿ ಮೂರು:

ಅ) ಡಿಜಿಟಲ್ ಸಹಿ ಪ್ರಮಾಣಪತ್ರ. ಕಂಪನಿಗಳಿಗೆ ಇದು ಕಡ್ಡಾಯ.

ಆ) ಇವಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ, ನೆಟ್ ಬ್ಯಾಂಕಿಂಗ್, ಮೊದಲೇ ದೃಢೀಕರಿಸಿದ ಬ್ಯಾಂಕ್ ಅಥವಾ ಡಿಮ್ಯಾಟ್ ಖಾತೆ ಇತ್ಯಾದಿಗಳ ಮೂಲಕ ಇದನ್ನು ಪಡೆಯಬಹುದು.

ಇ) ಅವಕಾಶವಿರುವ ತೆರಿಗೆದಾರರಿಗೆ ಐಟಿಆರ್-ವಿ ಕಾಗದ. ಇದರ ಮೇಲೆ ಮೂಲ ಸಹಿಯೇ ಇರಬೇಕು. ಸಹಿಯ ಚಿತ್ರವನ್ನು ಅಂಟಿಸಿ ಮುದ್ರಿಸಿದ ಪ್ರತಿ ಅಥವಾ ನೆರಳಚ್ಚು ಸಲ್ಲದು.

ಕಾಲಮಿತಿಯ ವಿಷಯದಲ್ಲಿ ಎಚ್ಚರ ಅಗತ್ಯ. ಮೊದಲು 120 ದಿನಗಳಿದ್ದ ದೃಢೀಕರಣದ ಅವಧಿಯನ್ನು 2022ರ ಆಗಸ್ಟ್ 1ರಿಂದ 30 ದಿನಗಳಿಗೆ ಇಳಿಸಲಾಯಿತು. 30 ದಿನಗಳೊಳಗೆ ದೃಢೀಕರಿಸಿದರೆ ರಿಟರ್ನ್ ಏರಿಸಿದ ದಿನವೇ ಸಲ್ಲಿಸಿದ ದಿನವೆಂದು ಪರಿಗಣಿತವಾಗುತ್ತದೆ. ತಡವಾದರೆ ದೃಢೀಕರಿಸಿದ ದಿನವನ್ನೇ ಸಲ್ಲಿಕೆಯ ದಿನವೆಂದು ಹಿಡಿಯಲಾಗುತ್ತದೆ. ವಿಳಂಬದ ಎಲ್ಲ ಪರಿಣಾಮಗಳೂ ಅನ್ವಯಿಸುತ್ತವೆ. "ನಿಮ್ಮ ರಿಟರ್ನ್ ಹಾಕಿದ್ದೇವೆ" ಎಂಬ ಸಲಹೆಗಾರರ ಮಾತನ್ನು ಕೇಳಿ ಸುಮ್ಮನಾಗುವವರು "ದೃಢೀಕರಣವಾಯಿತೇ?" ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಬೇಕು.

ಯಾರು ಸಹಿ ಮಾಡಬೇಕು ಎಂಬುದನ್ನು 1961ರ ಕಾಯಿದೆಯ 140ನೆಯ ಕಲಂ ಗೊತ್ತುಪಡಿಸಿತ್ತು. ವ್ಯಕ್ತಿಯ ರಿಟರ್ನಿಗೆ ಆತನೇ, ಹಿಂದೂ ಅವಿಭಕ್ತ ಕುಟುಂಬಕ್ಕೆ ಕರ್ತೃ, ಪಾಲುದಾರಿಕೆ ಸಂಸ್ಥೆಗೆ ವ್ಯವಸ್ಥಾಪಕ ಪಾಲುದಾರ, ಕಂಪನಿಗೆ ವ್ಯವಸ್ಥಾಪಕ ನಿರ್ದೇಶಕ. ವ್ಯವಸ್ಥಾಪಕ ಪಾಲುದಾರರಿಗೆ ಅನಿವಾರ್ಯ ಕಾರಣದಿಂದ ಸಾಧ್ಯವಾಗದಿದ್ದರೆ ಅಥವಾ ಅಂಥವರು ಇಲ್ಲದಿದ್ದರೆ ಅಪ್ರಾಪ್ತ ವಯಸ್ಕನಲ್ಲದ ಯಾವುದೇ ಪಾಲುದಾರ. ಕಂಪನಿಯಲ್ಲಿ ಹಾಗೆಯೇ ಯಾವುದೇ ನಿರ್ದೇಶಕ. ವ್ಯಕ್ತಿಯು ವಿದೇಶದಲ್ಲಿದ್ದರೆ ಅಥವಾ ಬೇರೆ ಕಾರಣದಿಂದ ತಾನೇ ದೃಢೀಕರಿಸಲಾಗದಿದ್ದರೆ ಮುಖ್ತ್ಯಾರ್ ಪತ್ರ ಪಡೆದ ಅಧಿಕೃತ ವ್ಯಕ್ತಿ ಆ ಕೆಲಸ ಮಾಡಬಹುದು. 1961ರ ಕಾಯಿದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರ ದಿನಾಂಕದಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆಯೂ ದೃಢೀಕರಣ ತೆರಿಗೆದಾರನದೇ ಎಂಬ ಮೂಲತತ್ತ್ವವನ್ನು ಉಳಿಸಿಕೊಂಡಿದೆ. ಗ್ರಾಹಕರ ಒಟಿಪಿಯನ್ನು ಕೇಳಿ ತಾವೇ ನಮೂದಿಸುವ ಸಲಹೆಗಾರರಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

ಲೆಕ್ಕಪರಿಶೋಧನಾ ವರದಿಯ ಸಲ್ಲಿಕೆಯಲ್ಲಿ ಇಲಾಖೆಯ ಜಾಲತಾಣವೇ ಸರಿಯಾದ ಮಾದರಿಯನ್ನು ತೋರಿಸಿಕೊಟ್ಟಿದೆ. ತೆರಿಗೆದಾರರು ತಮ್ಮ ಖಾತೆಯಿಂದ ಚಾರ್ಟರ್ಡ್ ಅಕೌಂಟೆಂಟರನ್ನು ಸೇರಿಸಿ ನಮೂನೆಯನ್ನು ವಹಿಸಿಕೊಡುತ್ತಾರೆ. ಅವರು ತಮ್ಮ ಖಾತೆಯಿಂದ, ತಮ್ಮದೇ ಡಿಜಿಟಲ್ ಸಹಿಯೊಂದಿಗೆ ವರದಿಯನ್ನು ಏರಿಸುತ್ತಾರೆ. ಬಳಿಕ ಅದು ತೆರಿಗೆದಾರರ ಬಳಿಗೆ ಮರಳಿ ಬರುತ್ತದೆ. ಅವರು ಓದಿ ಸ್ವೀಕರಿಸಬಹುದು ಅಥವಾ ತಿರಸ್ಕರಿಸಬಹುದು. ಇಬ್ಬರೂ ತಮ್ಮತಮ್ಮ ಕೈಯಿಂದಲೇ ಸಹಿ ಮಾಡುತ್ತಾರೆ.

3. ಸರಕು ಮತ್ತು ಸೇವಾ ತೆರಿಗೆಯಲ್ಲಿ ಸಹಿ

ಜಿಎಸ್‌ಟಿಯ ರಿಟರ್ನ್ ತಿಂಗಳಿಗೊಮ್ಮೆ ಅಥವಾ ತ್ರೈಮಾಸಿಕಕ್ಕೊಮ್ಮೆ ಬರುವುದರಿಂದ ಸಹಿಯ ದುರುಪಯೋಗಕ್ಕೆ ಇಲ್ಲಿ ಅವಕಾಶ ಹೆಚ್ಚು. ನಿಯಮ 26ರ ಪ್ರಕಾರ ಕಂಪನಿಗಳು ಡಿಜಿಟಲ್ ಸಹಿಯನ್ನೇ ಬಳಸಬೇಕು. ಬಿಡಿ ಮಾಲೀಕರು ಮತ್ತು ಪಾಲುದಾರಿಕೆ ಸಂಸ್ಥೆಗಳು ಇವಿಸಿಯನ್ನು ಬಳಸಬಹುದು. ಒಟಿಪಿಯು ಅಧಿಕೃತ ಸಹಿದಾರರ ನೋಂದಾಯಿತ ಮೊಬೈಲಿಗೂ ಇ-ಮೇಲಿಗೂ ಬರುತ್ತದೆ.

ಸಲಹೆಗಾರರ ಪಾತ್ರದ ಕುರಿತು 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 48ನೆಯ ಕಲಂ ಮತ್ತು ನಿಯಮ 83 ಬಹಳ ಸ್ಪಷ್ಟವಾಗಿವೆ. ಅವುಗಳ ಸಾರಾಂಶ ಹೀಗಿದೆ:

- ನೋಂದಾಯಿತ ವರ್ತಕರು ಪಿಸಿಟಿ-05 ನಮೂನೆಯ ಮೂಲಕ ಒಬ್ಬ ಜಿಎಸ್‌ಟಿ ವೃತ್ತಿನಿರತರಿಗೆ ಒಪ್ಪಿಗೆ ನೀಡಬಹುದು. ಯಾವ ಯಾವ ಕೆಲಸಗಳಿಗೆ ಒಪ್ಪಿಗೆ ಎಂಬುದನ್ನು ಅದರಲ್ಲಿ ಗುರುತಿಸಬೇಕು. ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು.

- ವೃತ್ತಿನಿರತರು ತಕ್ಕ ಶ್ರದ್ಧೆಯಿಂದ ವಿವರಪಟ್ಟಿ ಸಿದ್ಧಪಡಿಸಿ, ಅದಕ್ಕೆ ತಮ್ಮ ಡಿಜಿಟಲ್ ಸಹಿಯನ್ನು ಹಾಕಬೇಕು ಅಥವಾ ತಮ್ಮದೇ ಪ್ರವೇಶ ವಿವರಗಳಿಂದ ದೃಢೀಕರಿಸಬೇಕು.

- ಸಲ್ಲಿಕೆಯನ್ನು ಖಚಿತಪಡಿಸುವ ಮುನ್ನ ವಿವರಗಳು ಸತ್ಯವೂ ಸರಿಯೂ ಆಗಿವೆಯೇ ಎಂದು ವರ್ತಕರು ನೋಡಿಕೊಳ್ಳಬೇಕು.

- ಮರುಪಾವತಿ ಕೋರಿಕೆ, ನೋಂದಣಿಯ ತಿದ್ದುಪಡಿ ಅಥವಾ ರದ್ದತಿಯಂತಹ ಅರ್ಜಿಗಳನ್ನು ವೃತ್ತಿನಿರತರು ಸಲ್ಲಿಸಿದರೆ, ವರ್ತಕರು ಒಪ್ಪಿಗೆ ನೀಡುವ ತನಕ ಅವು ಮುಂದುವರಿಯುವುದಿಲ್ಲ.

- ವೃತ್ತಿನಿರತರು ಸಲ್ಲಿಸಿದರೂ ವಿವರಗಳ ಸರಿತನದ ಹೊಣೆ ನೋಂದಾಯಿತ ವರ್ತಕರ ಮೇಲೆಯೇ ಉಳಿಯುತ್ತದೆ. ಇದು 48ನೆಯ ಕಲಮಿನ 3ನೆಯ ಉಪಕಲಂ.

ಈ ಕೊನೆಯ ಅಂಶವನ್ನು ನಮ್ಮ ಸದಸ್ಯರೆಲ್ಲರೂ ನೆನಪಿನಲ್ಲಿಡಬೇಕು. ಸಲಹೆಗಾರರಿಗೆ ಅಧಿಕೃತವಾಗಿ ವಹಿಸಿಕೊಟ್ಟಾಗಲೇ ಹೊಣೆ ವರ್ತಕರದೆಂದಾದರೆ, ಅನಧಿಕೃತವಾಗಿ ಪಾಸ್‌ವರ್ಡ್ ಮತ್ತು ಒಟಿಪಿ ಕೊಟ್ಟಾಗ ಹೇಳಬೇಕಾದುದೇ ಇಲ್ಲ. ಎರಡರ ನಡುವೆ ವ್ಯತ್ಯಾಸವಿರುವುದು ದಾಖಲೆಯಲ್ಲಿ. ಪಿಸಿಟಿ-05ರ ದಾರಿಯಲ್ಲಿ ಯಾರು ಏನನ್ನು ಸಿದ್ಧಪಡಿಸಿದರು ಎಂಬ ಗುರುತು ಉಳಿಯುತ್ತದೆ. ಒಟಿಪಿ ಹೇಳಿಬಿಡುವ ದಾರಿಯಲ್ಲಿ ಎಲ್ಲವೂ ವರ್ತಕರೇ ತಮ್ಮ ಕೈಯಾರೆ ಮಾಡಿದಂತೆ ಕಾಣುತ್ತದೆ.

ಸಲ್ಲಿಸಿದ ಜಿಎಸ್‌ಟಿಆರ್-3ಬಿಯನ್ನು ಪರಿಷ್ಕರಿಸಲು ಅವಕಾಶವಿಲ್ಲ. 2025ರ ಜುಲೈ ತೆರಿಗೆ ಅವಧಿಯಿಂದ, ಜಿಎಸ್‌ಟಿಆರ್-1ರಿಂದ ತಾನಾಗಿ ಬಂದು ಕೂರುವ ಮಾರಾಟದ ತೆರಿಗೆಯನ್ನು 3ಬಿಯಲ್ಲಿ ನೇರವಾಗಿ ತಿದ್ದಲೂ ಆಗದು. 3ಬಿ ಸಲ್ಲಿಸುವ ಮುನ್ನ ಜಿಎಸ್‌ಟಿಆರ್-1ಎ ಮೂಲಕವೇ ಸರಿಪಡಿಸಬೇಕು. ಆದ್ದರಿಂದ ಸಹಿಗೆ ಮುಂಚಿನ ಪರಿಶೀಲನೆಯ ಬೆಲೆ ಹಿಂದಿಗಿಂತ ಹೆಚ್ಚಾಗಿದೆ.

4. ಟೋಕನ್: ಒಡೆತನ ಮತ್ತು ಪಾಲನೆ

ಡಿಜಿಟಲ್ ಸಹಿ ಎಂದರೆ ಸಹಿಯ ಚಿತ್ರವಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಅದು ಒಂದು ಜೋಡಿ ಕೀಲಿಗಳ ವ್ಯವಸ್ಥೆ. ಖಾಸಗಿ ಕೀಲಿ ಟೋಕನ್ನಿನೊಳಗೆ ಇರುತ್ತದೆ. ಬಹಿರಂಗ ಕೀಲಿ ಪ್ರಮಾಣಪತ್ರದಲ್ಲಿರುತ್ತದೆ. ಖಾಸಗಿ ಕೀಲಿಯಿಂದ ಸಹಿಯಾದ ದಾಖಲೆಯಲ್ಲಿ ಒಂದು ಅಂಕಿ ಬದಲಾದರೂ ಬಹಿರಂಗ ಕೀಲಿಯಿಂದ ಪರೀಕ್ಷಿಸಿದಾಗ ಗೊತ್ತಾಗುತ್ತದೆ. ಆದರೆ ಟೋಕನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಪಿನ್ ಒತ್ತಿದ ಕೈ ಯಾರದೆಂಬುದು ಗೊತ್ತಾಗುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಆ ಕೈ ಪ್ರಮಾಣಪತ್ರದಲ್ಲಿ ಹೆಸರಿರುವವರದೇ.

ಆದುದರಿಂದಲೇ ಅದೇ ಕಾಯಿದೆಯ 42ನೆಯ ಕಲಂ, ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲಿ ಇರಿಸಿಕೊಳ್ಳಲು ಚಂದಾದಾರನು ಸಮಂಜಸ ಎಚ್ಚರಿಕೆ ವಹಿಸಬೇಕೆಂದು ವಿಧಿಸಿದೆ. ಕೀಲಿ ಪರರ ಪಾಲಾದರೆ ವಿಳಂಬ ಮಾಡದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಳಿಸುವ ತನಕ ಹೊಣೆ ಚಂದಾದಾರನದೇ. ಮತ್ತೊಬ್ಬರ ವಿದ್ಯುನ್ಮಾನ ಸಹಿಯನ್ನು ಅಥವಾ ಪಾಸ್‌ವರ್ಡನ್ನು ಮೋಸದಿಂದ ಬಳಸುವುದಕ್ಕೆ 66ಸಿ ಕಲಂ ಮೂರು ವರ್ಷಗಳವರೆಗಿನ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸುತ್ತದೆ. ಆದರೆ ಟೋಕನ್ನನ್ನೂ ಪಿನ್ನನ್ನೂ ನಾವೇ ಕೈಯೆತ್ತಿ ಕೊಟ್ಟಿದ್ದಾಗ, ಬಳಕೆ ಮೋಸದಿಂದಾಯಿತೆಂದು ಸಾಧಿಸುವುದು ಸುಲಭದ ಮಾತಲ್ಲ.

2021ರ ಜನವರಿ 1ರಿಂದ ಎರಡನೆಯ ವರ್ಗದ ಪ್ರಮಾಣಪತ್ರಗಳನ್ನು ನೀಡುವುದು ನಿಂತು, ಮೂರನೆಯ ವರ್ಗದವೇ ಬಳಕೆಯಲ್ಲಿವೆ. ಅರ್ಜಿದಾರರ ಗುರುತನ್ನು ವಿಡಿಯೋ ಮೂಲಕವೂ ಪರಿಶೀಲಿಸಲಾಗುತ್ತದೆ. ಅರ್ಜಿಯಲ್ಲಿ ಅರ್ಜಿದಾರರ ಸ್ವಂತ ಮೊಬೈಲ್ ಮತ್ತು ಇ-ಮೇಲ್ ಇರಬೇಕೇ ಹೊರತು ಅರ್ಜಿ ತುಂಬಿಕೊಟ್ಟವರದಲ್ಲ. ಟೋಕನ್ ಕೈಗೆ ಬಂದ ದಿನವೇ ಪಿನ್ ಬದಲಾಯಿಸಬೇಕು.

ಸಲಹೆಗಾರರ ಕಚೇರಿಯ ಕಷ್ಟವನ್ನೂ ಇಲ್ಲಿ ಹೇಳಬೇಕು. ತಿಂಗಳ 20ನೆಯ ತಾರೀಖು ಸಂಜೆ ಹತ್ತಾರು ಗ್ರಾಹಕರ ರಿಟರ್ನ್ ಬಾಕಿಯಿರುವಾಗ ಮಾಲೀಕರು ಸಂತೆಯಲ್ಲೋ ಪ್ರಯಾಣದಲ್ಲೋ ಇದ್ದು ಕರೆಗೆ ಸಿಗದಿದ್ದರೆ, ಟೋಕನ್ ತಮ್ಮಲ್ಲಿರಲಿ ಎಂದು ಅವರು ಬಯಸುವುದು ಸಹಜ. ಎಷ್ಟೋ ಬಾರಿ ಹಾಗೆ ಇಟ್ಟುಕೊಳ್ಳುವಂತೆ ಒತ್ತಾಯಿಸುವವರು ಮಾಲೀಕರೇ. ಆದರೆ ಇದರಿಂದ ಸಲಹೆಗಾರರಿಗೂ ಅಪಾಯ ತಪ್ಪಿದ್ದಲ್ಲ. ನಾಳೆ ಯಾವುದೋ ಪತ್ರಕ್ಕೆ ಆ ಟೋಕನ್ನಿನಿಂದ ಸಹಿಯಾಗಿದೆ ಎಂಬ ದೂರು ಬಂದರೆ, ಟೋಕನ್ ಇಟ್ಟುಕೊಂಡಿದ್ದ ಪ್ರತಿಯೊಬ್ಬರೂ ಉತ್ತರ ಕೊಡಬೇಕಾಗುತ್ತದೆ.

5. ಮೊಬೈಲ್ ಮತ್ತು ಇ-ಮೇಲ್

ಟೋಕನ್ ಕಣ್ಣಿಗೆ ಕಾಣುವ ವಸ್ತು. ಅದಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾಗಿರುವುದು ನೋಂದಾಯಿತ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ವಿಳಾಸ. ನೋಂದಣಿಯ ವೇಳೆ ಅನುಕೂಲಕ್ಕೆಂದು ಸಲಹೆಗಾರರ ಇ-ಮೇಲ್ ಕೊಟ್ಟವರು ಅನೇಕರಿದ್ದಾರೆ. ಒಟಿಪಿ ಹೋಗುವುದು ಅಲ್ಲಿಗೆ. ಇಲಾಖೆಯ ಪತ್ರಗಳು ಹೋಗುವುದೂ ಅಲ್ಲಿಗೇ.

ಇದು ಬರಿಯ ಊಹೆಯ ಅಪಾಯವಲ್ಲ. ಸುಳ್ಳು ಕಡಿತ ಮತ್ತು ವಿನಾಯಿತಿಗಳನ್ನು ತೋರಿಸಿ ಮರುಪಾವತಿ ಪಡೆದ ಪ್ರಕರಣಗಳ ಬಗ್ಗೆ ಆದಾಯ ತೆರಿಗೆ ಇಲಾಖೆ 2025ರ ಜುಲೈ 14ರಂದು ದೇಶದ ಹಲವೆಡೆ ಪರಿಶೀಲನಾ ಕಾರ್ಯಾಚರಣೆ ನಡೆಸಿತು. ಕೆಲವು ರಿಟರ್ನ್ ತಯಾರಕರು ಸಾಮೂಹಿಕವಾಗಿ ರಿಟರ್ನ್ ಸಲ್ಲಿಸುವುದಕ್ಕೆಂದೇ ತಾತ್ಕಾಲಿಕ ಇ-ಮೇಲ್ ವಿಳಾಸಗಳನ್ನು ಸೃಷ್ಟಿಸಿ ನಂತರ ಕೈಬಿಟ್ಟಿದ್ದರಿಂದ, ಇಲಾಖೆಯ ನೋಟಿಸುಗಳನ್ನು ಯಾರೂ ಓದದೆ ಹೋದ ಸಂಗತಿಯನ್ನು ನೇರ ತೆರಿಗೆಗಳ ಕೇಂದ್ರ ಮಂಡಳಿಯ ಪ್ರಕಟಣೆ ತಿಳಿಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಮ್ಮ ರಿಟರ್ನುಗಳನ್ನು ತಿದ್ದಿ 1,045 ಕೋಟಿ ರೂಪಾಯಿಗಳ ಸುಳ್ಳು ಕೋರಿಕೆಗಳನ್ನು ಹಿಂಪಡೆದಿದ್ದರೆಂದೂ ಅದೇ ಪ್ರಕಟಣೆಯಲ್ಲಿದೆ. ತಯಾರಕರು ಹೇಳಿಕೊಟ್ಟದ್ದಾದರೂ ದೃಢೀಕರಣ ತೆರಿಗೆದಾರರದಾಗಿದ್ದರಿಂದ, ತಿದ್ದಿಕೊಳ್ಳಬೇಕಾದವರೂ ಅವರೇ ಆದರು.

ಜಿಎಸ್‌ಟಿಯಲ್ಲಿ ನೋಂದಣಿಯ ವೇಳೆ ಕೊಟ್ಟ ಇ-ಮೇಲಿಗೆ ಕಳುಹಿಸುವುದೂ, ಜಾಲತಾಣದಲ್ಲಿ ಹಾಕುವುದೂ 169ನೆಯ ಕಲಮಿನ ಪ್ರಕಾರ ನೋಟಿಸ್ ಜಾರಿಯ ಮಾನ್ಯ ವಿಧಾನಗಳು. ಆದೇಶ ತಲುಪಿದ ದಿನದಿಂದ ಮೇಲ್ಮನವಿಗೆ ಮೂರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು ಮಾತ್ರ ಕಾಲಾವಕಾಶ. ಬೇರೊಬ್ಬರ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುವ ಆದೇಶಕ್ಕೂ ಇದೇ ಗಡಿಯಾರ ಓಡುತ್ತಿರುತ್ತದೆ.

6. ಒಂದು ಕಲ್ಪಿತ ಉದಾಹರಣೆ

ಇಬ್ಬರು ಪಾಲುದಾರರ ಒಂದು ಎಣ್ಣೆ ಗಿರಣಿಯನ್ನು ಊಹಿಸಿಕೊಳ್ಳೋಣ. ಹೊರಗಿನ ಲೆಕ್ಕಿಗರೊಬ್ಬರು ರಿಟರ್ನ್ ನೋಡಿಕೊಳ್ಳುತ್ತಾರೆ. ನೋಂದಣಿಯಲ್ಲಿರುವುದು ಅವರ ಇ-ಮೇಲ್. ಒಂದು ತಿಂಗಳು ಯಂತ್ರೋಪಕರಣ ಖರೀದಿಯ 2,00,000 ರೂಪಾಯಿಗಳ ಹೂಡುವಳಿ ತೆರಿಗೆ ಜಮೆಯನ್ನು ಕೈತಪ್ಪಿನಿಂದ ಎರಡು ಸಲ ತೆಗೆದುಕೊಂಡು, ಅದರಿಂದಲೇ ತೆರಿಗೆ ತೀರಿಸಲಾಯಿತು. 20ರ ಸಂಜೆ ಹಿರಿಯ ಪಾಲುದಾರರು ದೂರವಾಣಿಯಲ್ಲಿ ಒಟಿಪಿ ಓದಿ ಹೇಳಿದರು. ಕರೆ ಮುಗಿಯಿತು, ರಿಟರ್ನೂ ಹೋಯಿತು. ಆ ತಿಂಗಳು ನಗದು ಕಡಿಮೆ ಕಟ್ಟಿದ್ದು ಅವರ ಗಮನಕ್ಕೆ ಬಂದಿತ್ತು, ಸಂತೋಷವೇ ಆಯಿತು.

ಎರಡು ವರ್ಷಗಳ ನಂತರ ನೋಟಿಸ್ ಬಂದಿತು, ಲೆಕ್ಕಿಗರ ಹಳೆಯ ಇ-ಮೇಲಿಗೆ. ಅವರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ಉತ್ತರವಿಲ್ಲದೆ ಆದೇಶವಾಯಿತು. ಹೆಚ್ಚುವರಿ ಜಮೆ 2,00,000 ರೂಪಾಯಿ, ತಪ್ಪಾಗಿ ಪಡೆದು ಬಳಸಿದ ಜಮೆಗೆ ಶೇಕಡಾ 18ರಂತೆ ಎರಡು ವರ್ಷದ ಬಡ್ಡಿ 72,000 ರೂಪಾಯಿ, ದಂಡ ಬೇರೆ. ಬ್ಯಾಂಕ್ ಖಾತೆಯಿಂದ ವಸೂಲಿ ಕ್ರಮ ಆರಂಭವಾದಾಗಲೇ ಪಾಲುದಾರರಿಗೆ ವಿಷಯ ತಿಳಿದದ್ದು.

ಇಲ್ಲಿ ಯಾರೂ ಮೋಸ ಮಾಡಿಲ್ಲ ಎಂಬುದನ್ನು ಗಮನಿಸಬೇಕು. ಲೆಕ್ಕಿಗರದು ಕೈತಪ್ಪು. ಒಟಿಪಿ ಹೇಳುವ ಮುನ್ನ "ಈ ತಿಂಗಳು ಜಮೆ ಎಷ್ಟು, ಹೋದ ತಿಂಗಳಿಗಿಂತ ಏಕೆ ಹೆಚ್ಚು?" ಎಂಬ ಒಂದು ಪ್ರಶ್ನೆ ಕೇಳಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಸಹಿಯೆಂಬುದು ಲೆಕ್ಕದ ಕೊನೆಯ ತಾಳೆ. ಆ ತಾಳೆಯನ್ನೂ ಲೆಕ್ಕ ಬರೆದವರಿಗೇ ಬಿಟ್ಟರೆ ತಾಳೆ ನೋಡುವವರೇ ಇಲ್ಲದಂತಾಗುತ್ತದೆ.

7. ಅಮೆರಿಕದ ಒಂದು ಪದ್ಧತಿ

ಅಮೆರಿಕದಲ್ಲಿ ವ್ಯಕ್ತಿಗಳ ಆದಾಯ ತೆರಿಗೆ ರಿಟರ್ನುಗಳನ್ನು ತಯಾರಕರು ವಿದ್ಯುನ್ಮಾನ ವಿಧಾನದಲ್ಲಿ ಕಳುಹಿಸುವಾಗ 8879 ಎಂಬ ಸಂಖ್ಯೆಯ ಅಧಿಕಾರ ಪತ್ರದ ಬಳಕೆಯಿದೆ. ಅಲ್ಲಿ ತೆರಿಗೆದಾರರ ಸಹಿಯಾಗಿ ಐದು ಅಂಕಿಗಳ ಪಿನ್ ಬಳಸುತ್ತಾರೆ. ಅದನ್ನು ತಯಾರಕರೇ ನಮೂದಿಸಬೇಕಾದರೆ, ಮೊದಲು ತೆರಿಗೆದಾರರು ಈ ಪತ್ರಕ್ಕೆ ಸಹಿ ಹಾಕಿರಬೇಕು. ಒಟ್ಟು ಆದಾಯ, ತೆರಿಗೆ, ಮೂಲದಲ್ಲಿ ಕಡಿತವಾದದ್ದು, ಮರುಪಾವತಿ, ಬಾಕಿ ಎಂಬ ಮುಖ್ಯ ಮೊತ್ತಗಳು ಅದರಲ್ಲಿರುತ್ತವೆ. ರಿಟರ್ನಿನ ಪ್ರತಿಯನ್ನು ಪರಿಶೀಲಿಸಿದ್ದೇನೆ ಎಂಬ ಘೋಷಣೆಯೂ ಇರುತ್ತದೆ. ಸಹಿಯಾದ ಪತ್ರ ಕೈಸೇರುವ ತನಕ ತಯಾರಕರು ರಿಟರ್ನ್ ಕಳುಹಿಸುವಂತಿಲ್ಲ. ಪತ್ರವನ್ನು ಇಲಾಖೆಗೆ ಕಳುಹಿಸಬೇಕಾಗಿಲ್ಲ. ತಯಾರಕರು ಮೂರು ವರ್ಷ ಕಾಪಾಡಿ ಇಟ್ಟುಕೊಳ್ಳಬೇಕು.

ನಮ್ಮ ಕಾನೂನು ಇಂತಹ ಪತ್ರವನ್ನು ಕೇಳುವುದಿಲ್ಲ. ಈ ಪತ್ರವಿದ್ದ ಮಾತ್ರಕ್ಕೆ ನಮ್ಮಲ್ಲಿ ಸಲಹೆಗಾರರು ಗ್ರಾಹಕರ ಪರವಾಗಿ ಒಟಿಪಿ ಒತ್ತುವ ಅಧಿಕಾರ ಪಡೆಯುವುದೂ ಇಲ್ಲ. ಆದರೆ "ಮೊತ್ತಗಳನ್ನು ಗ್ರಾಹಕರು ಕಂಡು ಒಪ್ಪಿದ ಮೇಲೆಯೇ ಸಲ್ಲಿಕೆ" ಎಂಬ ಅದರ ಮರ್ಮವನ್ನು ನಾವು ಸ್ವಯಂಪ್ರೇರಿತವಾಗಿ ಅಳವಡಿಸಿಕೊಳ್ಳಬಹುದು. ಅರ್ಧ ಪುಟ ಸಾಕು: ಸಂಸ್ಥೆಯ ಹೆಸರು, ತೆರಿಗೆ ಅವಧಿ, ಒಟ್ಟು ಮಾರಾಟ, ಮಾರಾಟದ ಮೇಲಿನ ತೆರಿಗೆ, ಪಡೆದ ಜಮೆ, ನಗದಾಗಿ ಕಟ್ಟುವ ಮೊತ್ತ, "ಪರಿಶೀಲಿಸಿ ಒಪ್ಪಿದ್ದೇನೆ" ಎಂಬ ಸಾಲು, ಸಹಿ, ದಿನಾಂಕ. ದೂರದ ಊರಿನಲ್ಲಿದ್ದವರು ಇದೇ ಮೊತ್ತಗಳಿಗೆ ವಾಟ್ಸ್‌ಆ್ಯಪ್ ಅಥವಾ ಇ-ಮೇಲಿನಲ್ಲಿ ಲಿಖಿತ ಒಪ್ಪಿಗೆ ಕಳುಹಿಸಿ, ಎರಡೂ ಕಡೆಯವರು ಅದನ್ನು ಉಳಿಸಿಕೊಂಡರೂ ಆದೀತು. ವಿವಾದ ಬಂದಾಗ ಇದು ವರ್ತಕರನ್ನೂ ಕಾಯುತ್ತದೆ, ಸಲಹೆಗಾರರನ್ನೂ ಕಾಯುತ್ತದೆ.

8. ಪಾಲಿಸಬಹುದಾದ ಕ್ರಮ

ಮೇಲಿನ ವಿಚಾರಗಳನ್ನು ಕಾರ್ಯರೂಪಕ್ಕೆ ತರಲು ಸದಸ್ಯರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು:

(1) ಈ ವಾರವೇ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಜಾಲತಾಣಗಳನ್ನು ತೆರೆದು, ಅಲ್ಲಿರುವ ಮೊಬೈಲ್ ಮತ್ತು ಇ-ಮೇಲ್ ಯಾರದೆಂದು ನೋಡಿರಿ. ನಿಮ್ಮದಲ್ಲದಿದ್ದರೆ ಬದಲಾಯಿಸಿರಿ.

(2) ಟೋಕನ್ ನಿಮ್ಮ ತಿಜೋರಿಯಲ್ಲಿರಲಿ. ಅನಿವಾರ್ಯವಾಗಿ ಹೊರಗೆ ಕೊಟ್ಟರೆ ರಸೀದಿ ಪಡೆಯಿರಿ, ಕೆಲಸ ಮುಗಿದ ದಿನವೇ ಹಿಂಪಡೆಯಿರಿ. ಪಿನ್ ಮಾತ್ರ ನಿಮ್ಮ ಬಳಿಯೇ ಇರಲಿ; ಸಹಿಯ ಕ್ಷಣದಲ್ಲಿ ನೀವೇ ಒತ್ತಿರಿ.

(3) ನಿಮ್ಮ ಪಾಸ್‌ವರ್ಡ್ ಕೊಡುವ ಬದಲು ಪಿಸಿಟಿ-05ರ ಮೂಲಕ ಜಿಎಸ್‌ಟಿ ವೃತ್ತಿನಿರತರನ್ನು ನೇಮಿಸಿರಿ. ಆದಾಯ ತೆರಿಗೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಇ-ರಿಟರ್ನ್ ಮಧ್ಯವರ್ತಿಯನ್ನು ಖಾತೆಗೆ ಸೇರಿಸುವ ಸೌಲಭ್ಯವನ್ನು ಬಳಸಿರಿ.

(4) ಇ-ವೇ ಬಿಲ್ಲಿಗೆ ಗುಮಾಸ್ತರಿಗೆ ಪ್ರತ್ಯೇಕ ಉಪಬಳಕೆದಾರ ಖಾತೆ ಮಾಡಿಕೊಡಿರಿ. 2025ರ ಏಪ್ರಿಲ್ 1ರಿಂದ ಎಲ್ಲ ವರ್ತಕರಿಗೂ ಎರಡು ಹಂತದ ಪ್ರವೇಶ ದೃಢೀಕರಣ ಅನ್ವಯವಾಗಿರುವುದರಿಂದ, ಅವರವರ ಮೊಬೈಲಿಗೇ ಅವರ ಒಟಿಪಿ ಬರುತ್ತದೆ.

(5) ಕೊನೆಯ ದಿನಕ್ಕೆ ಕಾಯಬೇಡಿರಿ. ಮಾಸಿಕ ರಿಟರ್ನಿನವರು ತಿಂಗಳ 5ರೊಳಗೆ ಬಿಲ್ಲು ಕೊಟ್ಟರೆ 11ರ ಜಿಎಸ್‌ಟಿಆರ್-1ಕ್ಕೂ, 17ರೊಳಗೆ ಕರಡು ನೋಡಿದರೆ 20ರ 3ಬಿಗೂ ಅವಸರವಿರದು. ಅವಸರವಿಲ್ಲದಿದ್ದರೆ ಟೋಕನ್ ಬಿಟ್ಟುಹೋಗುವ ಪ್ರಸಂಗವೂ ಬಾರದು.

(6) ಒಟಿಪಿಯನ್ನು ನೀವೇ ನಮೂದಿಸಿರಿ. ಪರದೆಯ ಮುಂದೆ ಕೂರಲಾಗದ ದಿನ ಕರಡಿನ ಮೊತ್ತಗಳನ್ನು ನೋಡದೆ ಒಟಿಪಿ ಹೇಳಬೇಡಿರಿ.

(7) ಸಲ್ಲಿಕೆಯಾದ ಮೇಲೆ ಸ್ವೀಕೃತಿ ಮತ್ತು ರಿಟರ್ನಿನ ಪ್ರತಿಯನ್ನು ಪಡೆದು ಕಡತದಲ್ಲಿಡಿರಿ. ತಿಂಗಳಿಗೊಮ್ಮೆ ಜಾಲತಾಣದ ನೋಟಿಸ್ ವಿಭಾಗವನ್ನು ನೀವೇ ತೆರೆದು ನೋಡಿರಿ.

(8) ಪಾಲುದಾರರು ನಿವೃತ್ತರಾದಾಗ, ಗುಮಾಸ್ತರು ಕೆಲಸ ಬಿಟ್ಟಾಗ, ಸಲಹೆಗಾರರು ಬದಲಾದಾಗ ಪಾಸ್‌ವರ್ಡ್, ಅಧಿಕೃತ ಸಹಿದಾರರು ಮತ್ತು ಉಪಬಳಕೆದಾರರ ಪಟ್ಟಿಯನ್ನು ಅಂದೇ ಪರಿಷ್ಕರಿಸಿರಿ. ಜಿಎಸ್‌ಟಿ ನೋಂದಣಿಯಲ್ಲಿನ ಬದಲಾವಣೆಗಳಿಗೆ ಅರ್ಜಿ ಸಲ್ಲಿಸಲು 15 ದಿನಗಳ ಕಾಲಾವಕಾಶವಿದೆ.

9. ಸದಸ್ಯರಿಗೆ ಏಳಬಹುದಾದ ಕೆಲವು ಪ್ರಶ್ನೆಗಳು

ಪ್ರಶ್ನೆ: ನಮ್ಮ ಹಿಂದಿನ ಸಲಹೆಗಾರರು ಶುಲ್ಕ ಬಾಕಿಯಿದೆಯೆಂದು ಟೋಕನ್ ಹಿಂದಿರುಗಿಸುತ್ತಿಲ್ಲ. ಏನು ಮಾಡಬೇಕು?
ಉತ್ತರ: ಶುಲ್ಕದ ವಿವಾದ ಬೇರೆ, ಸಹಿಯ ವಿಷಯ ಬೇರೆ. ಟೋಕನ್ನಿಗಾಗಿ ಕಾಯದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ಬರೆದು ಪ್ರಮಾಣಪತ್ರವನ್ನು ರದ್ದುಪಡಿಸಿ, ಹೊಸದನ್ನು ಪಡೆದು ಜಾಲತಾಣಗಳಲ್ಲಿ ನೋಂದಾಯಿಸಿರಿ. ಪಾಸ್‌ವರ್ಡುಗಳನ್ನೂ ಅಂದೇ ಬದಲಾಯಿಸಿರಿ.

ಪ್ರಶ್ನೆ: ನಾನು ಚಿಕಿತ್ಸೆಗಾಗಿ ಎರಡು ತಿಂಗಳು ಪರ ಊರಿನಲ್ಲಿರಬೇಕಾಗಿದೆ. ಜಿಎಸ್‌ಟಿ ರಿಟರ್ನಿಗೆ ಮಗ ಸಹಿ ಮಾಡಬಹುದೇ?
ಉತ್ತರ: ನಿಮ್ಮ ಒಟಿಪಿಯಿಂದ ಮಾಡಬಾರದು. ಆತನನ್ನು ಅಧಿಕೃತ ಸಹಿದಾರನಾಗಿ ಸೇರಿಸಿರಿ. ಆಗ ಆತ ತನ್ನದೇ ದೃಢೀಕರಣದಿಂದ ಸಹಿ ಮಾಡಬಹುದು. ಒಬ್ಬರಿಗಿಂತ ಹೆಚ್ಚು ಅಧಿಕೃತ ಸಹಿದಾರರಿರಲು ಅವಕಾಶವಿದೆ.

ಪ್ರಶ್ನೆ: ತಂದೆಯವರು ತೀರಿಕೊಂಡಿದ್ದಾರೆ, ಅವರ ಟೋಕನ್ನಿನ ಅವಧಿ ಇನ್ನೂ ಒಂದು ವರ್ಷವಿದೆ. ಅವರ ರಿಟರ್ನಿಗೆ ಅದನ್ನೇ ಬಳಸಬಹುದೇ?
ಉತ್ತರ: ಸರ್ವಥಾ ಕೂಡದು. ಸಹಿಯ ಅಧಿಕಾರ ವ್ಯಕ್ತಿಯೊಡನೆಯೇ ಮುಗಿಯುತ್ತದೆ. ಕಾನೂನುಬದ್ಧ ವಾರಸುದಾರರಾಗಿ ಆದಾಯ ತೆರಿಗೆ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ನಿಮ್ಮ ಸ್ವಂತ ದೃಢೀಕರಣದಿಂದ ಅವರ ರಿಟರ್ನ್ ಸಲ್ಲಿಸಬೇಕು.

ಪ್ರಶ್ನೆ: ಲೆಕ್ಕಪರಿಶೋಧಕರ ಸಹಿ ನಿಜವಾದದ್ದೆಂದು ನಾವು ತಿಳಿಯುವುದು ಹೇಗೆ?
ಉತ್ತರ: ಚಾರ್ಟರ್ಡ್ ಅಕೌಂಟೆಂಟರಲ್ಲದವರು ಅವರ ಹೆಸರಿನಲ್ಲಿ ಸಹಿ ಮಾಡುವುದನ್ನು ತಡೆಯಲು, ಅವರ ರಾಷ್ಟ್ರೀಯ ಸಂಸ್ಥೆಯು 2019ರಿಂದ ಹಂತಹಂತವಾಗಿ ಪ್ರತಿ ಪ್ರಮಾಣಪತ್ರ ಮತ್ತು ವರದಿಗೆ ಯುಡಿಐಎನ್ ಎಂಬ ವಿಶಿಷ್ಟ ಸಂಖ್ಯೆಯನ್ನು ಕಡ್ಡಾಯಗೊಳಿಸಿದೆ. ಆ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಕೊನೆಯ ಮಾತು

ಸಲಹೆಗಾರರನ್ನು ನಂಬಬಾರದೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಅವರ ಶ್ರಮವಿಲ್ಲದೆ ಇಂದಿನ ವ್ಯಾಪಾರ ಒಂದು ತಿಂಗಳೂ ಸುಗಮವಾಗಿ ನಡೆಯದು. ಖಾಲಿ ಚೆಕ್ಕಿಗೆ ಸಹಿ ಮಾಡಿ ಯಾರ ಕೈಗೂ ಕೊಡದ ವರ್ತಕರು, ಎಷ್ಟೇ ಆಪ್ತರಾದರೂ ಹಾಗೆ ಕೊಡದವರು, ಅದಕ್ಕಿಂತ ಹೆಚ್ಚಿನ ಅಧಿಕಾರವುಳ್ಳ ಟೋಕನ್ನನ್ನೂ ಒಟಿಪಿಯನ್ನೂ ಯೋಚಿಸದೆ ಕೊಡುತ್ತಿದ್ದೇವೆ. ಸಿದ್ಧಪಡಿಸಿದವರು ತಮ್ಮ ಸಹಿಯಿಂದ ಹೊಣೆ ಹೊರಲಿ, ವ್ಯಾಪಾರ ಮಾಡಿದವರು ಓದಿ ತಮ್ಮ ಸಹಿ ಮಾಡಲಿ. ತಿಂಗಳಿಗೆ ಹತ್ತು ನಿಮಿಷ ಬೇಡುವ ಈ ಕೆಲಸವನ್ನು ಮುಂದಿನ ರಿಟರ್ನಿನಿಂದಲೇ ಆರಂಭಿಸಬೇಕೆಂದು ಸದಸ್ಯರಲ್ಲಿ ವಿನಂತಿ.